ದುಡ್ಡು ಕೊಟ್ಟು ನಡೆದ ದಾರಿ

ನಡೆಯುವುದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಹೋದ ತಿಂಗಳವರೆಗೆ ಯಾರಾದರೂ ಕೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಈಗ ಲೆಕ್ಕ ಬಾಯಿಪಾಠವಾಗಿದೆ. ಟ್ರೆಕ್ಕಿಂಗ್ ತಂಡಕ್ಕೆ ಸೇರುವ ಶುಲ್ಕ, ನನ್ನ ಒಂದೂವರೆ ದಿನದ ಸಂಬಳ. ಅಡಿಯಲ್ಲಿ ಮೊಸಳೆಯ ಹಲ್ಲಿನಂಥ ಹಲ್ಲುಗಳಿರುವ ಬೂಟು, ನಾಲ್ಕು ದಿನದ್ದು. ಮಡಚಿದರೆ ಚೀಲದಲ್ಲಿ ಹಿಡಿಸುವ, ಬಿಚ್ಚಿದರೆ ಎದೆಮಟ್ಟ ಬರುವ ಅಲ್ಯೂಮಿನಿಯಂ ಕೋಲು, ಒಂದು ದಿನದ್ದು. ಕತ್ತಿನ ಹಿಂದೆ ಪರದೆ ಇಳಿಬಿಟ್ಟ ಟೋಪಿ, ಅರ್ಧ ದಿನದ್ದು. ಒಟ್ಟು ಏಳು ದಿನ.

ಏಳು ದಿನ ನಡೆದು ಸಂಪಾದಿಸಿದ್ದನ್ನು ಒಂದು ಸಂಜೆ ನಡೆಯುವುದಕ್ಕೆ ಕೊಟ್ಟೆ. ನಡೆದು ಎಂದದ್ದು ಯಾಕೆಂದರೆ ನನ್ನ ಉದ್ಯೋಗವೇ ನಡೆಯುವುದು. ನಾನು ನೀರು ಸರಬರಾಜು ಕಚೇರಿಯ ಮೀಟರ್ ರೀಡರ್. ಇಪ್ಪತ್ತೆರಡು ವರ್ಷದಿಂದ ಗೇಟು ತಟ್ಟುತ್ತೇನೆ, ನಾಯಿಯನ್ನು ಕಟ್ಟಿ ಎನ್ನುತ್ತೇನೆ, ಬಗ್ಗಿ ಮೀಟರಿನ ಗಾಜು ಒರೆಸಿ ಅಂಕಿ ಬರೆದುಕೊಳ್ಳುತ್ತೇನೆ, ಮುಂದಿನ ಮನೆಗೆ ಹೋಗುತ್ತೇನೆ. ದಿನಕ್ಕೆ ಹನ್ನೊಂದು ಕಿಲೋಮೀಟರ್. ಭಾನುವಾರ ಒಂದು ದಿನ ಕಾಲು ಚಾಚಿ ಮಲಗುವುದು ನನ್ನ ಹಕ್ಕು ಎಂದು ತಿಳಿದಿದ್ದೆ. ಆ ಹಕ್ಕನ್ನು ಕಿತ್ತುಕೊಂಡವನು ನನ್ನ ಹೆಂಡತಿಯ ತಮ್ಮ.

ಇವನು ಒಂದು ವಿಮಾ ಕಂಪನಿಯಲ್ಲಿ ಕುರ್ಚಿ ಬಿಟ್ಟು ಏಳದೆ ಕೆಲಸ ಮಾಡುವವನು. ಶನಿವಾರ ಬಂತೆಂದರೆ ಮಾತ್ರ ಅವನಿಗೆ ಕಾಲಿರುವುದು ನೆನಪಾಗುತ್ತದೆ. ಒಂದು ವಾರ ಕೆರೆ ಏರಿ, ಒಂದು ವಾರ ಉದ್ಯಾನದಲ್ಲಿ ಗಿಟಾರು ಕೇಳುವುದು, ಒಂದು ವಾರ ಯಾವುದೋ ಬಂಡೆ. ಸೋಮವಾರ ಬೆಳಿಗ್ಗೆ ನನ್ನ ಹೆಂಡತಿಯ ಫೋನಿಗೆ ಅವನ ಇಪ್ಪತ್ತೇಳು ಫೋಟೋ ಬರುತ್ತವೆ. ಎಲ್ಲದರಲ್ಲೂ ಕೈ ಎರಡೂ ಮೇಲಕ್ಕೆತ್ತಿರುತ್ತಾನೆ, ಪೊಲೀಸರು ಹಿಡಿದವರಂತೆ.

"ನೋಡ್ರೀ, ನನ್ನ ತಮ್ಮ ಎಷ್ಟು ಲವಲವಿಕೆಯಿಂದ ಇದಾನೆ. ನೀವೂ ಸ್ವಲ್ಪ ನಡೀಬಾರ್ದಾ?" ಎಂದಳು ನನ್ನಾಕೆ.

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ನಾನು? ನಡೀಬೇಕಾ? ನಾನು ವಾರವಿಡೀ ಏನ್ ಈಜ್ತಾ ಇದೀನೇನೇ?"

"ಅದು ಡ್ಯೂಟಿ. ನಾನ್ ಹೇಳ್ತಿರೋದು ಮನಸ್ಸು ಹಗುರ ಆಗೋ ನಡಿಗೆ."

"ಕಾಲಿಗೆ ಆ ವ್ಯತ್ಯಾಸ ಗೊತ್ತಾಗಲ್ಲ ಕಣೇ."

ಅಷ್ಟರಲ್ಲಿ ಭಾವಮೈದುನ ನನ್ನ ಪರವಾಗಿ ಅರ್ಜಿ ತುಂಬಿ ಆಗಿತ್ತು. ಉದ್ಯೋಗ ಎಂಬ ಜಾಗದಲ್ಲಿ "ಜಲ ವಿಭಾಗದ ಕ್ಷೇತ್ರಾಧಿಕಾರಿ" ಎಂದು ಬರೆದಿದ್ದ.

"ಇದೇನೋ ಇದು?"

"ಭಾವ, ಅಲ್ಲಿ ಬರೋರೆಲ್ಲಾ ಡಾಕ್ಟ್ರು, ವಕೀಲ್ರು, ಮ್ಯಾನೇಜರ್‌ಗಳು. ಮೀಟರ್ ರೀಡರ್ ಅಂತ ಬರೆದ್ರೆ ನಾನು ಮುಖ ಎಲ್ಲಿಡ್ಲಿ?"

"ಈಗ ಎಲ್ಲಿದೆಯೋ ಅಲ್ಲೇ ಇಡು."

"ಸುಳ್ಳೇನಲ್ವಲ್ಲ ಭಾವ. ಕ್ಷೇತ್ರದಲ್ಲಿ ಓಡಾಡ್ತೀರಿ. ನೀರಿನ ವಿಷ್ಯ. ಮಿಕ್ಕಿದ್ದು ಬರೀ ಮರ್ಯಾದೆ."

ನಾನು ಆ ಪದವನ್ನು ಎರಡು ಸಲ ಓದಿದೆ. ತಿದ್ದಲಿಲ್ಲ. ಮೂರನೆಯ ಸಲವೂ ಓದಿದೆ.

ಭಾನುವಾರ ಮೂರೂವರೆಗೆ ಊರಿನ ಅಂಚಿನ ಗುಡ್ಡದ ಬುಡದಲ್ಲಿ ಇಪ್ಪತ್ತೆರಡು ಜನ ಸೇರಿದ್ದರು. ಎಲ್ಲರ ತಲೆಗೂ ಟೋಪಿ, ಎಲ್ಲರ ಕೈಗೂ ಕೋಲು. ತಂಡದ ಮುಖಂಡನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಅವನು ಯಾವುದರ ಕ್ಯಾಪ್ಟನ್ ಎಂದು ಯಾರೂ ಕೇಳಿದ ಹಾಗಿರಲಿಲ್ಲ. ಕುತ್ತಿಗೆಯಲ್ಲಿ ಪೀಪಿ, ಪ್ಯಾಂಟಿನಲ್ಲಿ ಹದಿಮೂರು ಜೇಬು. ನಾನು ಅಂಕಿಯ ಕೆಲಸದವನು, ಎಣಿಕೆ ತಪ್ಪಿರಲಾರದು.

"ಸ್ನೇಹಿತರೇ," ಎಂದ ಅವನು. "ನಾವು ದೂರ ದೂರ ಹೋಗ್ತೀವಿ. ಆದ್ರೆ ನಮ್ಮ ಮನೆ ಹತ್ರಾನೇ ಯಾರೂ ತುಳೀದೇ ಇರೋ ದಾರಿಗಳಿವೆ! ಇವತ್ತು ನಾವು ಹತ್ತೋ ದಾರಿ ಯಾವ ನಕ್ಷೆಯಲ್ಲೂ ಇಲ್ಲ. ತುದೀಲಿ ಆರು ಗಂಟೆಗೆ ಸಂಗೀತ, ನಮಗೋಸ್ಕರಾನೇ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಕೈ ತೋರಿಸಿದ ಕಡೆ ನೋಡಿದೆ. ಅದು ನನ್ನ ಮಂಗಳವಾರದ ದಾರಿ.

ಯಾರೂ ತುಳಿಯದ ಆ ದಾರಿಯನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಸಾವಿರ ಸಲವಾದರೂ ತುಳಿದಿದ್ದೇನೆ. ನಕ್ಷೆಯಲ್ಲಿಲ್ಲವಂತೆ! ನಮ್ಮ ಕಚೇರಿಯ ಗೋಡೆಯ ಮೇಲೆ ನೀಲಿ ಗೆರೆಯಾಗಿ ಇದೆ, ಎಳೆದವನು ನಾನೇ. ಮೊದಲು ಕೆಳಗಿನ ಬೀದಿ, ಮೂವತ್ತೊಂದು ಮನೆ. ಆಮೇಲೆ ನೂರಾ ಆರು ಮೆಟ್ಟಿಲು. ಆಮೇಲೆ ಮೇಲಿನ ಬೀದಿ, ಹದಿನಾಲ್ಕು ಮನೆ. ಅದರಾಚೆ ಗುಡ್ಡದ ನೆತ್ತಿಯ ಬಯಲು.

ಈ ಎರಡು ಬೀದಿಗಳ ವಿಷಯ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಹೊಟ್ಟೆ ನಾಲ್ಕು ತಿಂಗಳಿಂದ ಉರಿಯುತ್ತಿರುವುದು ಅದಕ್ಕೇ. ನೀರಿನ ಕೊಳವೆ ಗುಡ್ಡದ ಬುಡದಿಂದ ಮೇಲಕ್ಕೆ ಹತ್ತುತ್ತದೆ. ದಿನ ಬಿಟ್ಟು ದಿನ, ಸಂಜೆ ನಾಲ್ಕರಿಂದ ಆರರವರೆಗೆ ನೀರು. ಕೆಳಗಿನ ಬೀದಿಯವರು ಕೊಳವೆಗೇ ಮೋಟಾರು ಹಚ್ಚಿ ನೀರನ್ನು ಹೀರಿ ತೊಟ್ಟಿ ತುಂಬಿಸಿಕೊಳ್ಳುತ್ತಾರೆ. ಕಾನೂನಿನ ಪ್ರಕಾರ ತಪ್ಪು. ಮೇಲಿನ ಬೀದಿಗೆ ತಲುಪುವುದು ಗಾಳಿ ಮಾತ್ರ. ಅಲ್ಲಿಯ ಹದಿನಾಲ್ಕು ಮನೆಯವರು ಕೊಡ ಹಿಡಿದು ನೂರಾ ಆರು ಮೆಟ್ಟಿಲು ಇಳಿದು, ಬುಡದ ಸಾರ್ವಜನಿಕ ನಲ್ಲಿಯಲ್ಲಿ ಹಿಡಿದು, ನೂರಾ ಆರು ಮೆಟ್ಟಿಲು ಹತ್ತುತ್ತಾರೆ. ಮೊದಲ ಮನೆಯ ಅಜ್ಜಿ ಹಿಂದಿನ ವಾರ ಅರುವತ್ತನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮೊಣಕೈಗೆ ಪಟ್ಟಿ ಹಾಕಿಸಿಕೊಂಡಿದ್ದರು.

ನಾನು ಒಂಬತ್ತು ಸಲ ವರದಿ ಬರೆದೆ. ಒಂಬತ್ತು ಸಲವೂ ನಮ್ಮ ಎಂಜಿನಿಯರು ಒಂದೇ ಪ್ರಶ್ನೆ ಕೇಳಿದರು.

"ಮೋಟಾರನ್ನ ಕಣ್ಣಾರೆ ನೋಡಿದ್ದೀರಾ?"

"ನಾನು ಹೋಗೋದು ಬೆಳಿಗ್ಗೆ ಸಾರ್. ಆಗ ಅದು ಮಂಚದ ಕೆಳಗಿರತ್ತೆ. ಸಂಜೆ ಯಾರನ್ನಾದ್ರೂ ಕಳಿಸಿ."

"ಸಂಜೆ ತಪಾಸಣೆಗೆ ಆದೇಶ ಇಲ್ಲ."

"ಆದೇಶ ಕೊಡೋರು ನೀವೇ ಅಲ್ವಾ ಸಾರ್?"

"ಅದಕ್ಕೇ ಹೇಳ್ತಿರೋದು, ಇಲ್ಲ."

ಇಂಥ ದಾರಿಯನ್ನು ಆನಂದಿಸಲು ನಾನು ಅವತ್ತು ಟೋಪಿ ಹಾಕಿಕೊಂಡು ನಿಂತಿದ್ದೆ. ಕ್ಯಾಪ್ಟನ್ ಪೀಪಿ ಊದಿದ. "ಇನ್ನೊಂದು ಸಂತೋಷದ ಸುದ್ದಿ! ಜಲ ವಿಭಾಗದ ಕ್ಷೇತ್ರಾಧಿಕಾರಿಗಳು ನಮ್ಮ ಜೊತೆ ಇದಾರೆ. ಅವರೇ ಮುಂದೆ ನಡೀಲಿ!" ಎಂದು ನನ್ನ ಕೈಗೊಂದು ಕೆಂಪು ಬಾವುಟ ಕೊಟ್ಟ. ಭಾವಮೈದುನ ನನಗಿಂತ ಮೊದಲೇ ಎದೆಯುಬ್ಬಿಸಿ ನಿಂತ.

ಕೆಳಗಿನ ಬೀದಿಯನ್ನು ಹೊಕ್ಕಾಗ ನಾಲ್ಕೂ ಹತ್ತು. ಬೀದಿಯ ತುಂಬ ಒಂದು ಜುಂಯ್‌ಗುಟ್ಟುವ ಸದ್ದು. ಕ್ಯಾಪ್ಟನ್ ಎರಡೂ ಕೈ ಚಾಚಿ ತಂಡವನ್ನು ನಿಲ್ಲಿಸಿದ.

"ಶ್! ಕೇಳಿ. ಜೀರುಂಡೆಗಳು."

ಇಪ್ಪತ್ತೆರಡು ಜನ ಕಣ್ಣು ಮುಚ್ಚಿದರು. ಒಬ್ಬ ವೈದ್ಯೆ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಅದು ಅರ್ಧ ಅಶ್ವಶಕ್ತಿಯ ಜೀರುಂಡೆ, ಕೆಲವು ಮನೆಯಲ್ಲಿ ಒಂದು ಅಶ್ವಶಕ್ತಿಯದೂ ಇತ್ತು. ನನಗೆ ಮೈಯೆಲ್ಲಾ ಉರಿದುಹೋಯಿತು. ನಾಲ್ಕು ತಿಂಗಳಿಂದ ಕಣ್ಣಾರೆ ನೋಡಿದ್ದೀರಾ ಎಂದು ಕೇಳಿಸಿಕೊಂಡ ಮನುಷ್ಯ ನಾನು, ಈಗ ಕಿವಿಯಾರೆ ಕೇಳುತ್ತಾ ನಿಂತಿದ್ದೇನೆ, ಪಕ್ಕದಲ್ಲಿ ಒಬ್ಬ ವಕೀಲರು "ಪ್ರಕೃತಿ, ಪ್ರಕೃತಿ" ಎನ್ನುತ್ತಿದ್ದಾರೆ.

ಮೊದಲ ಮನೆ ಲಾಂಡ್ರಿಯವನದು. ಮೊಣಕೈವರೆಗೆ ನೊರೆ ಹಚ್ಚಿಕೊಂಡೇ ಹೊರಗೆ ಬಂದ. ನನ್ನನ್ನು ನೋಡಿ, ನನ್ನ ಟೋಪಿ ನೋಡಿ, ಕೆಂಪು ಬಾವುಟ ನೋಡಿ, ಆಮೇಲೆ ನನ್ನ ಬೆನ್ನ ಹಿಂದೆ ನೋಡಿದ.

"ಏನ್ ಸಾರ್, ಭಾನುವಾರ?"

"ವಾಕಿಂಗ್."

"ವಾಕಿಂಗ್," ಎಂದ ಅವನು. ಹಿಂದೆ ಒಬ್ಬರು ಅವನ ಮನೆಯ ಕೊಳವೆಯ ಮೇಲೆ ಕೂತಿದ್ದ ಚಿಟ್ಟೆಯ ಫೋಟೋ ತೆಗೆಯುತ್ತಿದ್ದರು. ಚಿಟ್ಟೆ ಸಣ್ಣದು, ಲಾಂಡ್ರಿಯವನಿಗೆ ಕಂಡದ್ದು ಕೊಳವೆ ಮಾತ್ರ. ಇನ್ನೊಬ್ಬರು ಕೋಲಿನಿಂದ ನೆಲ ಕುಟ್ಟಿ ನೋಡುತ್ತಿದ್ದರು. ವೈದ್ಯೆ ಬರೆಯುತ್ತಲೇ ಇದ್ದರು.

ಅದೇ ಹೊತ್ತಿಗೆ ಕ್ಯಾಪ್ಟನ್ ಕೂಗಿದ. "ಅಧಿಕಾರಿಗಳೇ, ಒಂದೊಂದೇ ಮನೆ ಮುಂದೆ ಇಷ್ಟಿಷ್ಟು ಹೊತ್ತು ನಿಂತ್ರೆ ಇಷ್ಟೂ ಮನೆ ಮುಗಿಯೋದು ಯಾವಾಗ?"

ಲಾಂಡ್ರಿಯವನು ಇಷ್ಟು ವರ್ಷದಲ್ಲಿ ಯಾವ ಬಟ್ಟೆಯನ್ನೂ ಅಷ್ಟು ಬಿಳಿ ಮಾಡಿರಲಾರ, ಅವನ ಮುಖ ಅಷ್ಟು ಬೆಳ್ಳಗಾಯಿತು. "ಒಂದ್ನಿಮಿಷ ಸಾರ್, ಒಲೆ ಮೇಲೆ ಹಾಲಿದೆ," ಎಂದು ಒಳಗೆ ಓಡಿದ. ಹಿತ್ತಲಿನ ಗೋಡೆ ಹಾರಿದ ಶಬ್ದ ಕೇಳಿಸಿತು. ಆಮೇಲೆ ಪಕ್ಕದ ಮನೆಯ ಹಿತ್ತಲಿನದು. ಮೊದಲು ಅವನ ಮನೆಯ ಸದ್ದು ನಿಂತಿತು. ಆಮೇಲೆ ಅದರಾಚೆಯದು. ಒಂದೊಂದಾಗಿ, ಸಾಲಾಗಿ, ದೀಪ ಆರಿದ ಹಾಗೆ.

"ನೋಡಿದ್ರಾ!" ಎಂದು ಕ್ಯಾಪ್ಟನ್ ಪಿಸುಗುಟ್ಟಿದ. "ಮನುಷ್ಯರ ಹೆಜ್ಜೆ ಸಪ್ಪಳ ಕೇಳಿದ ಕೂಡ್ಲೇ ಸುಮ್ಮನಾಗ್ತವೆ. ಬಹಳ ಸೂಕ್ಷ್ಮ ಜೀವಿ."

ಬೀದಿಯ ನಡುವಿನ ಮನೆ ನಿವೃತ್ತ ಮೇಷ್ಟ್ರದು. ಗುಲಾಬಿ ತೋಟಕ್ಕೆ ಹೆಸರಾದವರು. ಸುದ್ದಿ ನಮಗಿಂತ ಮುಂಚೆ ಅವರನ್ನು ಮುಟ್ಟಿತ್ತು. ಗೇಟಿನ ಬಳಿ ಆರು ಕುರ್ಚಿ ಹಾಕಿಸಿ, ನಿಂಬೆ ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ಕೊಟ್ಟದ್ದು, ಗೇಟು ಮುಚ್ಚಿಕೊಂಡು ಹೋಗು ಎಂಬ ಆದೇಶ ಮಾತ್ರ.

"ಬನ್ನಿ, ಬನ್ನಿ. ಬಿಸಿಲಲ್ಲಿ ಬಂದಿದ್ದೀರಿ," ಎಂದರು. ತಂಡದವರು ಕರಗಿಹೋದರು. "ಎಷ್ಟು ಒಳ್ಳೇ ಜನ! ಪರಿಚಯಾನೂ ಇಲ್ಲ, ಶರಬತ್ತು ಕೊಡ್ತಿದ್ದಾರೆ!" ಎಂದು ವಕೀಲರು ಎರಡು ಲೋಟ ಕುಡಿದರು.

ಮೇಷ್ಟ್ರು ಕ್ಯಾಪ್ಟನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, ಆದರೆ ತರಗತಿಯ ಕೊನೆಯ ಬೆಂಚಿಗೆ ಕೇಳುವ ಹಾಗೆ ಹೇಳಿದರು. "ನೋಡಿ, ನಮ್ಮನೇಲಿ ಒಂದು ಮೋಟಾರು ಇರೋದು ನಿಜ. ಅದು ಬಳಕೆಗಲ್ಲ. ವಿಜ್ಞಾನದ ಪಾಠಕ್ಕೆ, ತೋರಿಸೋಕೆ ಇಟ್ಕೊಂಡಿರೋದು. ಇದು ತಪ್ಪೊಪ್ಪಿಗೆ ಅಲ್ಲ, ವಿವರಣೆ."

ಕ್ಯಾಪ್ಟನ್ ಪೀಪಿ ಊದಿದ. "ಸ್ನೇಹಿತರೇ! ಈ ಹಿರಿಯರ ಮನೇಲಿ ವಿಜ್ಞಾನ ಪ್ರದರ್ಶನ ಇದೆಯಂತೆ! ಎಲ್ಲರೂ ಒಳಗೆ!"

ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಇಪ್ಪತ್ತೆರಡು ಜನ ಬೂಟು ಕಳಚಿ ಸಾಲಾಗಿ ಒಳಗೆ ಹೋದರು. ಪ್ರದರ್ಶನ ಬಚ್ಚಲಮನೆಯಲ್ಲಿತ್ತು. ಒಬ್ಬೊಬ್ಬರಾಗಿ ಬಗ್ಗಿ, ಹಂಡೆಯ ಹಿಂದೆ ಟವೆಲು ಹೊದ್ದು ಮಲಗಿದ್ದ ಮೋಟಾರನ್ನು ನೋಡಿ, "ಬಹಳ ಚೆನ್ನಾಗಿದೆ" ಎಂದು ಹೊರಬಂದರು. ಒಬ್ಬರು ಮುಟ್ಟಿ ನೋಡಿ, "ಇನ್ನೂ ಬೆಚ್ಚಗಿದೆಯಲ್ಲ!" ಎಂದು ಆಶ್ಚರ್ಯಪಟ್ಟರು. ಮೇಷ್ಟ್ರು ಗೋಡೆ ಹಿಡಿದುಕೊಂಡರು.

ಅಷ್ಟು ಜನ ಅಧಿಕಾರಿಗಳು ಮೇಷ್ಟ್ರ ಬಚ್ಚಲಮನೆಯನ್ನೇ ಶೋಧಿಸಿದರು ಎಂಬುದು ಬೀದಿಗೆ ಗೊತ್ತಾಗಲು ಅರ್ಧ ನಿಮಿಷ ಸಾಕಾಯಿತು. ಒಂದು ಮನೆಯಿಂದ ತೊಟ್ಟಿಲನ್ನು ಇಬ್ಬರು ಹೊತ್ತು ಹೊರಟರು, ಅದರೊಳಗಿನ ಮಗು ಕಬ್ಬಿಣದ ತೂಕವಿತ್ತು. ಇನ್ನೊಬ್ಬಾಕೆ ಒದ್ದೆ ಸೀರೆಗಳ ಗಂಟನ್ನು ತಲೆಯ ಮೇಲಿಟ್ಟು ನಡೆದರೆ ಗಂಟಿನಿಂದ ವೈರು ನೇತಾಡುತ್ತಿತ್ತು. ಭಾವಮೈದುನ ಈ ಗದ್ದಲವನ್ನೆಲ್ಲ ತನ್ನ ಅಕ್ಕನ ಗಂಡನಿಗೆ ಸಲ್ಲುತ್ತಿರುವ ಗೌರವ ಎಂದುಕೊಂಡ. ಕಂಡಕಂಡವರಿಗೆ, "ನಮ್ಮ ಭಾವ ನೋಡೋಕೆ ಸಾಧು. ಮನಸ್ಸು ಮಾಡಿದ್ರೆ ಏನ್ ಬೇಕಾದ್ರೂ ಮಾಡಿಬಿಡ್ತಾರೆ," ಎನ್ನುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಮೋಟಾರು ಇಟ್ಟವರು ಹೆದರಲಿ, ಬೇಡ ಎನ್ನಲಾರೆ. ಆದರೆ ಇಪ್ಪತ್ತೆರಡು ವರ್ಷ ಸುಳ್ಳು ಅಂಕಿ ಬರೆಯದವನು ಸುಳ್ಳು ಅಧಿಕಾರಿಯಾಗಿ ನಿಲ್ಲುವುದು ಹೇಗೆ? ಚರಂಡಿಯ ಕಲ್ಲುಚಪ್ಪಡಿಯ ಮೇಲೆ ಹತ್ತಿ ನಿಂತು ಕೂಗಿದೆ.

"ಕೇಳ್ರಪ್ಪಾ! ಇವರು ಯಾರೂ ಅಧಿಕಾರಿಗಳಲ್ಲ! ನಾನೂ ಅಲ್ಲ! ಇವರು ಸುಮ್ಮನೆ ನಡೆಯೋಕೆ ಬಂದಿದ್ದಾರೆ! ಅದಕ್ಕೆ ದುಡ್ಡೂ ಕೊಟ್ಟಿದ್ದಾರೆ!"

ಗಂಟು ಹೊತ್ತಿದ್ದ ಹೆಂಗಸು ಮೊದಲು ಬಾಯಿ ಬಿಟ್ಟಳು.

"ನಮ್ಮ ಬೀದೀಲಿ ನಡೆಯೋಕೆ ದುಡ್ಡಾ? ನಾವು ಈ ಬೀದಿ ಬಿಟ್ಟು ಹೋಗೋಕೆ ದುಡ್ಡು ಕೂಡಿಡ್ತಾ ಇದೀವಿ!"

"ಎಷ್ಟು ಕೊಟ್ರಿ ಸಾರ್?" ಎಂದು ಲಾಂಡ್ರಿಯವನು ಕೇಳಿದ.

"ಎಲ್ಲಾ ಸೇರಿ ಏಳು ದಿನದ ಸಂಬಳ."

ಅಲ್ಲಿಗೆ ಇದ್ದ ಒಂದಿಷ್ಟು ಅನುಮಾನವೂ ಹೋಯಿತು. ಸಾಧಾರಣ ತಪಾಸಣೆಗೆ ಬಂದವರು ಸಾಧಾರಣ ಸುಳ್ಳು ಹೇಳುತ್ತಾರೆ. ಇಷ್ಟು ದೊಡ್ಡ ಸುಳ್ಳು ಹೇಳಬೇಕಾದರೆ ಮೇಲಿನಿಂದಲೇ ಬಂದ ತಂಡ ಇರಬೇಕು. ನಾನು ನಿಜ ಹೇಳಿದಷ್ಟೂ ಜನ ಕೈಮುಗಿದರು.

ಇಷ್ಟು ಸಾಲದು ಎಂಬಂತೆ ಹಿಂದಿನಿಂದ ಸಂಗೀತದವರು ಬಂದರು. ವ್ಯಾನು ಮೆಟ್ಟಿಲು ಹತ್ತುವುದಿಲ್ಲವಾದ್ದರಿಂದ ನಾಲ್ವರು ವಾದ್ಯಗಳನ್ನು ಹೊತ್ತು ನಡೆದಿದ್ದರು. ಎಲ್ಲ ಕಪ್ಪು ಪೆಟ್ಟಿಗೆಗಳು, ಅದರಲ್ಲೊಂದು ಆಳೆತ್ತರದ್ದು. ಲಾಂಡ್ರಿಯವನು ಅದನ್ನು ಮೇಲಿಂದ ಕೆಳಗೆ ನೋಡಿದ.

"ಇದ್ರಲ್ಲಿ ಏನಿದೆ ಸಾರ್?"

ಹೊತ್ತಿದ್ದವನಿಗೆ ಉಸಿರು ಮೇಲಕ್ಕೆ ಹತ್ತಿತ್ತು. "ಮುಟ್ಬೇಡಪ್ಪಾ, ದುಬಾರಿ ಸಾಮಾನು. ಆರು ಗಂಟೆಗೆ ಮೇಲೆ ಶುರು ಮಾಡ್ತೀವಿ. ನೋಡ್ತಿರು, ನಿಮ್ಮ ಬೀದಿಯೋರೆಲ್ಲಾ ಮನೆ ಬಿಟ್ಟು ಹೊರಗೆ ಬರ್ತೀರಿ."

"ಎಲ್ಲಾ ಮನೇದೂನಾ?"

"ಒಂದು ಮನೇನೂ ಬಿಡಲ್ಲ," ಎಂದು ಅವನು ನಗುತ್ತಾ ಮುಂದೆ ಹೋದ.

ಕೊಳವೆ ಕತ್ತರಿಸುವ ಯಂತ್ರ ಬಂದಿದೆ ಎಂದು ಬೀದಿಯ ತುದಿಯಿಂದ ತುದಿಗೆ ಕೂಗು ಹೋಯಿತು. ನಾವು ಮೆಟ್ಟಿಲ ಬುಡ ತಲುಪಿದಾಗ ಒಂದೇ ಒಂದು ಜೀರುಂಡೆಯೂ ಉಸಿರೆತ್ತುತ್ತಿರಲಿಲ್ಲ. ಹತ್ತೊಂಬತ್ತು ಮನೆಯಲ್ಲಿ ಮೋಟಾರು ಕಳಚಿ ಕೊಳವೆಯ ಬಾಯಿಗೆ ಮುಚ್ಚಳ ತಿರುಗಿಸಿದ್ದರು.

ನೂರಾ ಆರು ಮೆಟ್ಟಿಲುಗಳನ್ನು ನಾನು ಚಪ್ಪಲಿಯಲ್ಲಿ ಒಂದು ದಿನವೂ ಎಡವದೆ ಹತ್ತಿದವನು. ನಾಲ್ಕು ದಿನದ ಸಂಬಳದ ಬೂಟಿನಲ್ಲಿ ಮೂರು ಸಲ ಜಾರಿದೆ. ಮೇಲಿನ ಮೆಟ್ಟಿಲಿನ ಮೇಲೆ, ಖಾಲಿ ಕೊಡವನ್ನು ಬೋರಲು ಹಾಕಿ, ಅದರ ಮೇಲೆ ಅಜ್ಜಿ ಕೂತಿದ್ದರು. ಪಟ್ಟಿ ಹಾಕಿದ ಕೈ ಮಡಿಲಲ್ಲಿ.

"ಏನೋ ಇದು ಮೆರವಣಿಗೆ?" ಎಂದರು. "ನಲ್ಲೀಲಿ ನೀರಿಲ್ಲ ಅಂತ ನೋಡೋಕೆ ನೀನೊಬ್ಬ ಸಾಲ್ದೂಂತ ಇಪ್ಪತ್ತು ಜನಾನ ಕರ್ಕೊಂಡ್ ಬಂದ್ಯಾ?"

"ಹಾಗಲ್ಲ ಅಜ್ಜಿ, ಇವರು..."

"ಅಧಿಕಾರಿಗಳೇ," ಎಂದ ಕ್ಯಾಪ್ಟನ್, "ಅಜ್ಜಿಗೆ ಏನೋ ತೊಂದರೆ ಇದ್ದ ಹಾಗಿದೆ. ಸ್ವಲ್ಪ ನೋಡಿ."

ಅಜ್ಜಿ ಎದ್ದು ನಿಂತರು. "ಅಧಿಕಾರಿ ಆದ್ಯಾ? ಯಾವಾಗ? ಸರಿ, ಬಾ ಹಾಗಾದ್ರೆ." ನನ್ನ ತೋಳು ಹಿಡಿದು ಅಂಗಳದ ನಲ್ಲಿಯ ಮುಂದೆ ತಂದು ನಿಲ್ಲಿಸಿದರು. "ಮೀಟರ್ ನೋಡೋನು ತಿರುಗಿಸಿದ್ರೆ ಬರ್ತಿರ್ಲಿಲ್ಲ. ಅಧಿಕಾರಿ ತಿರುಗಿಸಿದ್ರೆ ಬರತ್ತೋ ನೋಡೋಣ. ತಿರುಗ್ಸು."

ಹದಿನಾಲ್ಕು ಮನೆಯವರೂ ಹೊರಗೆ ಬಂದಿದ್ದರು. ಹಿಂದೆ ಇಪ್ಪತ್ತೆರಡು ಟೋಪಿಗಳು. ನಾನು ತಿರುಗಿಸಿದೆ. ಏನೂ ಬರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು, ನಲ್ಲಿಯನ್ನಲ್ಲ. ಭಾವಮೈದುನ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು, ನನಗೂ ಅವನಿಗೂ ಸಂಬಂಧವಿಲ್ಲದವನಂತೆ ಮರವೊಂದನ್ನು ನೋಡತೊಡಗಿದ.

ನಲ್ಲಿ ಒಮ್ಮೆ ಕೆಮ್ಮಿತು. ಉಸ್ಸೆಂದು ಗಾಳಿ ಬಂತು. ಆಮೇಲೆ ಒಂದು ಮುಷ್ಟಿ ತುಕ್ಕು ನನ್ನ ಟೋಪಿಯ ಪರದೆಯವರೆಗೆ ಚಿಮ್ಮಿತು. ಆಮೇಲೆ ಕೆಂಪು ನೀರು. ಆಮೇಲೆ ತಿಳಿ ನೀರು, ಹೆಬ್ಬೆರಳಿನ ಗಾತ್ರ.

ಅಜ್ಜಿ ಹರಸಲಿಲ್ಲ, ಅಳಲೂ ಇಲ್ಲ. "ಸರಿ ಆಚೆ, ಕೊಡ ಇಡ್ಬೇಕು," ಎಂದು ನನ್ನನ್ನು ಭುಜದಿಂದ ತಳ್ಳಿದರು. ಕೊಡ ತುಂಬುತ್ತಿರುವಾಗ ತಿರುಗಿ ನೋಡಿ, "ಒಂಬತ್ತು ಸಲ ಬರೆದೆ ಬರೆದೆ ಅಂತಿದ್ಯಲ್ಲ. ಒಂದೇ ಸಲ ಈ ಟೋಪಿ ಹಾಕ್ಕೊಂಡು ಬಂದಿದ್ರೆ ಆಗ್ತಿತ್ತು," ಎಂದರು.

ಆಮೇಲಿನ ಗಲಾಟೆ ಹೇಳತೀರದು. ಬಕೆಟ್ಟು, ಹಂಡೆ, ಪಾತ್ರೆ, ಡಬ್ಬ, ಒಂದು ಮನೆಯವರು ಹೂಕುಂಡವನ್ನೂ ತಂದರು. ಆರು ಗಂಟೆಗೆ ನೀರು ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು. ವಕೀಲರು ಕೋಲು ಬಿಸುಟು ಎರಡು ಬಕೆಟ್ಟು ಹಿಡಿದರು. ವೈದ್ಯೆ ಜೀರುಂಡೆಯ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಜ್ಜಿಯ ಕೊಡ ಹೊತ್ತರು. ಕ್ಯಾಪ್ಟನ್ ಇದನ್ನೂ ತನ್ನ ಕಾರ್ಯಕ್ರಮದ ಭಾಗವೆಂಬಂತೆ ಪೀಪಿ ಊದಿ ಸಾಲು ಸರಿಮಾಡಿದ. ನೆತ್ತಿಯ ಬಯಲಿನಲ್ಲಿ ಕೇಳುವವರಿಲ್ಲದೆ ಬೇಸತ್ತ ಸಂಗೀತದವರು ಪೆಟ್ಟಿಗೆ ಹೊತ್ತು ಇಳಿದು ಬಂದು, ಅಜ್ಜಿಯ ಜಗಲಿಯ ಮೇಲೆಯೇ ಕೂತು ಶುರು ಮಾಡಿದರು. ಚೆನ್ನಾಗಿಯೇ ನುಡಿಸಿದರು ಎನ್ನಬೇಕು. ನಾನು ಟೋಪಿ ತೆಗೆದು ಒಂದು ಹಾಡಿನಷ್ಟು ಹೊತ್ತು ಕೂತೆ.

ಒಂದೇ ಹಾಡು. ಎರಡನೆಯದರ ಹೊತ್ತಿಗೆ ಸದ್ದು ಕೇಳಿ ಕೆಳಗಿನ ಬೀದಿಯವರು ಹತ್ತಿ ಬಂದರು, ಲಾಂಡ್ರಿಯವನು ಮುಂದೆ. ಆಳೆತ್ತರದ ಪೆಟ್ಟಿಗೆ ಖಾಲಿಯಾಗಿ ಬಿದ್ದಿತ್ತು. ಅದರೊಳಗಿದ್ದದ್ದು ಒಬ್ಬನ ಭುಜಕ್ಕೊರಗಿ ಗುಂಯ್‌ಗುಡುತ್ತಿತ್ತು.

"ಇದು ಪಿಟೀಲು!" ಎಂದ ಲಾಂಡ್ರಿಯವನು. ಇಷ್ಟು ದೊಡ್ಡ ಪಿಟೀಲನ್ನು ಅವನು ನೋಡಿರಲಿಲ್ಲ, ಇಷ್ಟು ದೊಡ್ಡ ಅನ್ಯಾಯವನ್ನೂ. ನನ್ನ ಕಡೆ ತಿರುಗಿದ. "ಮೋಸ ಮಾಡಿದ್ರಿ ಸಾರ್!"

"ನಾನೇನ್ ಮೋಸ ಮಾಡ್ದೆ? ವಾಕಿಂಗ್ ಅಂತ ಮೊದಲೇ ಹೇಳ್ದೆ. ಅಧಿಕಾರಿಗಳಲ್ಲ ಅಂತ ಚಪ್ಪಡಿ ಹತ್ತಿ ಕೂಗ್ದೆ."

"ಅದೇ! ನಿಜ ಹೇಳಿ ಮೋಸ ಮಾಡಿದ್ರಿ!"

"ಲಿಖಿತ ದೂರು ಕೊಡ್ತೀವಿ," ಎಂದರು ಮೇಷ್ಟ್ರು. "ನಾಳೆ ಬೆಳಿಗ್ಗೆ. ನನ್ನ ಬಚ್ಚಲಮನೆಗೆ ಬೂಟು ಕಳಚಿ ಬಂದರು ನಿಜ, ಆದರೆ ಬಂದರು."

ಕೊಟ್ಟರು. ಸೋಮವಾರ ಹತ್ತು ಗಂಟೆಗೆ ನಾನು ಕಚೇರಿಗೆ ಹೋದಾಗ ಎಂಜಿನಿಯರರ ಮೇಜಿನ ಮೇಲೆ ಮೂರು ಪುಟದ ದೂರು ಇತ್ತು, ಮೇಷ್ಟ್ರ ಮುತ್ತಿನಂಥ ಅಕ್ಷರದಲ್ಲಿ. ಅವರೂ ಲಾಂಡ್ರಿಯವನೂ ಎದುರಿಗೆ ಕೂತಿದ್ದರು. ಎಂಜಿನಿಯರು ಗಟ್ಟಿಯಾಗಿ ಓದುತ್ತಿದ್ದರು.

"'...ಯಾವುದೇ ಅಧಿಕಾರವಿಲ್ಲದ ವ್ಯಕ್ತಿಗಳ ಬೆದರಿಕೆಯಿಂದಾಗಿ ಈ ಕೆಳಗೆ ಸಹಿ ಮಾಡಿದ ನಾವು ಹತ್ತೊಂಬತ್ತು ಮನೆಯವರು, ಕೊಳವೆಗೆ ಅಳವಡಿಸಿದ್ದ ನಮ್ಮ ನಮ್ಮ ಮೋಟಾರುಗಳನ್ನು ಅವಸರದಲ್ಲಿ ಕಳಚಬೇಕಾಗಿ ಬಂದು, ಹಾನಿಯಾಗಿರುತ್ತದೆ. ಮೋಟಾರುಗಳ ಶಕ್ತಿ ಮತ್ತು ಅಳವಡಿಸಿದ ದಿನಾಂಕದ ಪಟ್ಟಿಯನ್ನು ಲಗತ್ತಿಸಿದೆ...'"

ಅವರ ಧ್ವನಿ ಸಣ್ಣದಾಗುತ್ತಾ ಬಂತು. ಕನ್ನಡಕ ತೆಗೆದರು.

"ಮೇಷ್ಟ್ರೇ," ಎಂದರು, "ಇದನ್ನ ವಾಪಸ್ ತಗೊಂಡ್ರೆ ಒಳ್ಳೇದು."

"ಯಾಕೆ? ಒಂದಕ್ಷರ ತಪ್ಪಿಲ್ಲ. ಮೂರು ಸಲ ತಿದ್ದಿದ್ದೀನಿ."

"ತಪ್ಪಿಲ್ಲ. ಅದೇ ತೊಂದರೆ. ಹತ್ತೊಂಬತ್ತು ಮೋಟಾರು, ಹತ್ತೊಂಬತ್ತು ಸಹಿ."

ಲಾಂಡ್ರಿಯವನು ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಕಾಗದವನ್ನು ನೋಡಿದರು. ಅವರ ಕೈ ಮೆಲ್ಲಗೆ ಅದರ ಕಡೆ ಹೋಯಿತು. ಅಷ್ಟರಲ್ಲಿ ನಮ್ಮ ಟಪಾಲು ಗುಮಾಸ್ತೆ, ಜಗತ್ತಿನಲ್ಲಿ ಯಾವ ಕಾಗದ ಕಂಡರೂ ಮುದ್ರೆ ಒತ್ತದೆ ಬಿಡದವಳು, ಪಕ್ಕದಿಂದ ಹೇಳಿದಳು. "ಸಾರ್, ಅದಕ್ಕೆ ಆಗಲೇ ಮುದ್ರೆ ಹಾಕಿ ನಂಬರ್ ಕೊಟ್ಟಾಯ್ತು. ನಕಲು ಮೇಲಿನ ಕಚೇರಿಗೂ ಹೋಯ್ತು. ದೂರಿನ ಕೊನೇಲಿ 'ಪ್ರತಿ: ಮೇಲಧಿಕಾರಿಗಳಿಗೆ' ಅಂತ ಅವರೇ ಬರೆದಿದ್ರಲ್ಲ."

ಮಧ್ಯಾಹ್ನದೊಳಗೆ ಸಂಜೆ ತಪಾಸಣೆಗೆ ಆದೇಶವಾಯಿತು. ಬುಧವಾರದೊಳಗೆ ಹತ್ತೊಂಬತ್ತು ಮೋಟಾರು ನಮ್ಮ ಉಗ್ರಾಣಕ್ಕೆ ಬಂದವು. ಎಂಜಿನಿಯರು ತಮ್ಮ ದೂರದೃಷ್ಟಿಯ ಬಗ್ಗೆ ಮೇಲಿನ ಕಚೇರಿಗೆ ಟಿಪ್ಪಣಿ ಬರೆದರು. ನನಗೆ ಬಂದದ್ದು ಮೆಮೊ.

"ಅಧಿಕಾರಿಯಂತೆ ನಟಿಸಿದ್ದೀರಿ," ಎಂದರು.

ನನ್ನ ಧ್ವನಿ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಏರಿತು. "ನಾನ್ ಎಲ್ಲಿ ನಟಿಸಿದೆ ಸಾರ್? ಅಲ್ಲ ಅಲ್ಲ ಅಂತ ಬೀದಿ ಮಧ್ಯ ಕೂಗಿದ್ದೀನಿ!"

"ಟ್ರೆಕ್ಕಿಂಗ್ ಅರ್ಜೀಲಿ ಕ್ಷೇತ್ರಾಧಿಕಾರಿ ಅಂತಿದೆ. ಮೇಷ್ಟ್ರು ಅದರ ನಕಲನ್ನೂ ಆ ಕ್ಯಾಪ್ಟನ್ ಹತ್ರ ತಗೊಂಡು ಲಗತ್ತಿಸಿದ್ದಾರೆ. ಓದಿ ಸುಮ್ಮನಿದ್ರಾ, ಇಲ್ವಾ?"

ನಾನು ಮೆಮೊದ ಪ್ರತಿಗೆ ಸಹಿ ಹಾಕಿದೆ.

"ನಿಮ್ಮ ಒಂಬತ್ತು ವರದಿ ನಾನು ಓದಿದ್ದೆ," ಎಂದು ಅವರು ಕಾಗದದ ಮೇಲೆ ಕಣ್ಣಿಟ್ಟೇ ಹೇಳಿದರು. "ಅದನ್ನ ಯಾರಿಗೂ ಹೇಳೋಕೆ ಹೋಗ್ಬೇಡಿ."

ಆ ಸಂಜೆ ಭಾವಮೈದುನ ಮುಖ ಚಿಕ್ಕದು ಮಾಡಿಕೊಂಡು ಬಂದ. "ಭಾವ, ಬೇಜಾರ್ ಮಾಡ್ಕೋಬೇಡಿ. ಮುಂದಿನ ವಾರ ಬರೀ ಸಂಗೀತ. ನಡೆಯೋದೇ ಇಲ್ಲ. ಹೆಸರು ಕೊಡ್ಲಾ?" ಎಂದ. ಬಾಗಿಲು ತೋರಿಸಿದೆ. ನನ್ನಾಕೆ ಅವನಿಗೆ ಚಹಾ ಕೊಟ್ಟೇ ಕಳಿಸಿದಳು, ಆದರೆ ಸಕ್ಕರೆ ಹಾಕಿರಲಿಲ್ಲ.

ನನ್ನ ಒಂದು ವರ್ಷದ ವೇತನ ಬಡ್ತಿ ನಿಂತಿದೆ. ಗುಡ್ಡದ ದಾರಿ ತೆಗೆದು, ಗೋದಾಮುಗಳ ಕಡೆಯ ಸಪಾಟು ನೆಲದ ದಾರಿ ಕೊಟ್ಟಿದ್ದಾರೆ. ಅಲ್ಲಿ ಮನೆಗಳಿಲ್ಲ, ಮಾತಾಡಿಸುವವರೂ ಇಲ್ಲ, ಕಾವಲುಗಾರರು ಕೀಲಿ ತೆಗೆದು ದೂರ ನಿಲ್ಲುತ್ತಾರೆ. ಮೇಲಿನ ಬೀದಿಯ ಹದಿನಾಲ್ಕು ಮೀಟರುಗಳೂ ಈ ತಿಂಗಳು ಓಡಿವೆ. ಕಚೇರಿಯ ಪುಸ್ತಕದಲ್ಲಿ ನೋಡಿದೆ. ಅಂಕಿ ಬರೆದದ್ದು ಬೇರೆಯವನ ಕೈ.